ಅಡುಗೆಮನೆಯಲ್ಲಿ ಸಾಕ್ಷಿ ಕೇಳುವ ನಾವು ಯಾರು?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ.

ಹೋದ ತಿಂಗಳು ನಮ್ಮ ಚಿಕ್ಕಮ್ಮನ ಮಗಳು ಮನೆಗೆ ಬಂದಿದ್ದಳು. ಊಟ ಆದಮೇಲೆ ಇಬ್ಬರೇ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಅದು ಇದು ಮಾತಾಡುತ್ತಾ ಇದ್ದವಳು ಇದ್ದಕ್ಕಿದ್ದಂತೆ, ಆರು ವರ್ಷದ ಹಿಂದೆ ಒಂದು ಗೃಹಪ್ರವೇಶದ ರಾತ್ರಿ ನಮ್ಮ ನೆಂಟರಲ್ಲೇ ಒಬ್ಬರು ತನಗೆ ಏನು ಮಾಡಿದರು ಅಂತ ಹೇಳಲು ಶುರು ಮಾಡಿದಳು. ತಲೆ ಎತ್ತಲಿಲ್ಲ. ಕಾಯಿ ಸುಲಿಯುತ್ತಲೇ ಹೇಳಿದಳು. ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರಾದ್ರೂ ನೋಡಿದ್ರಾ?" ಎರಡನೆಯದು, "ಆಗಲೇ ಯಾಕೆ ಹೇಳಲಿಲ್ಲ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡಕ್ಕ, ನಾನೇ ಏನೋ ತಪ್ಪು ತಿಳ್ಕೊಂಡಿರಬೇಕು" ಅಂದಳು. ಕಾಳು ತೊಳೆಯಲು ಎದ್ದು ಹೋದಳು. ಅಲ್ಲಿಗೆ ಮುಗಿಯಿತು.

ನಾನು ಅವಳನ್ನು ನಂಬಲಿಲ್ಲ ಅಂತಲ್ಲ. ನಂಬಿದ್ದೆ. ಆದರೂ ಆ ಎರಡು ಪ್ರಶ್ನೆ ಎಲ್ಲಿಂದ ಬಂದವು? ನಾನು ಪೊಲೀಸ್ ಅಲ್ಲ, ಜಡ್ಜ್ ಅಲ್ಲ. ಅವಳು ನನ್ನಿಂದ ತೀರ್ಪು ಕೇಳಿರಲಿಲ್ಲ. ಯಾರನ್ನೂ ಜೈಲಿಗೆ ಹಾಕಿಸು ಅಂದಿರಲಿಲ್ಲ. ಕೇಳಿಸಿಕೋ ಅಂತ ಮಾತ್ರ ಬಂದಿದ್ದಳು.

ಆಮೇಲೆ ಸ್ತ್ರೀವಾದಿ ತತ್ವಶಾಸ್ತ್ರದಲ್ಲಿ ಈ ವಿಷಯದ ಬಗ್ಗೆ ಬರೆದದ್ದನ್ನು ಹುಡುಕಿ ಓದಿದೆ. ಕ್ರಿಸ್ಟಿ ಡಾಟ್ಸನ್ ಅಂತ ಅಮೆರಿಕದ ಒಬ್ಬ ಕಪ್ಪು ಚಿಂತಕಿ 2011ರಲ್ಲಿ ಒಂದು ಲೇಖನ ಬರೆದಿದ್ದಾರೆ. ಬಾಯಿ ಮುಚ್ಚಿಸುವುದು ಎರಡು ಥರ ಆಗುತ್ತದೆ ಅನ್ನುತ್ತಾರೆ. ಒಂದು, ಹೇಳುವವಳನ್ನು ‘ಇವಳಿಗೇನು ಗೊತ್ತು’ ಅಂತ ಲೆಕ್ಕಕ್ಕೇ ತೆಗೆದುಕೊಳ್ಳದಿರುವುದು. ಇನ್ನೊಂದು, ಕೇಳುವವರಿಗೆ ಇದು ಅರ್ಥ ಆಗಲ್ಲ, ಇದರಿಂದ ತನಗೇ ತೊಂದರೆ ಅಂತ ಹೇಳುವವಳಿಗೆ ಗೊತ್ತಾಗಿ ಅವಳೇ ತನ್ನ ಮಾತನ್ನು ತುಂಡು ಮಾಡಿ ನುಂಗಿಕೊಳ್ಳುವುದು. ಓದುತ್ತಿದ್ದಾಗ "ಬಿಡಕ್ಕ" ಅನ್ನೋ ಆ ಒಂದು ಮಾತು ಕಿವಿಯಲ್ಲಿ ಹೊಡೆದ ಹಾಗಾಯಿತು. ಅವಳು ಮಾತು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನನ್ನ ಮುಖ ನೋಡಿ ನುಂಗಿಕೊಂಡಿದ್ದಳು.

ನಿಮ್ಮ ಹತ್ತಿರ ಯಾರಾದರೂ ಹೀಗೆ ಹೇಳಿಕೊಂಡಾಗ ನೀವು ಮೊದಲು ಕೇಳಿದ ಪ್ರಶ್ನೆ ಯಾವುದು? ನಿಜ ಹೇಳಿ. ‘ನಂಬುವುದು’ ಅಂದರೆ ನಮ್ಮಂಥವರು ಏನು ಮಾಡಬೇಕು?

ಕಾಫಿ ಕಣ, ಸಕಲೇಶಪುರ

ಮೇಡಂ, ನಿಮ್ಮ ತಂಗಿಗೆ ಆದದ್ದು ಓದಿ ಸಂಕಟವಾಯಿತು. ಅದನ್ನು ಮೊದಲು ಹೇಳುತ್ತೇನೆ.

ಆದರೆ ನನ್ನ ಅನುಭವವನ್ನೂ ಹೇಳಬೇಕು. ನನ್ನ ಸ್ನೇಹಿತನೊಬ್ಬನ ಮೇಲೆ ಗಡಿ ಒತ್ತುವರಿ ಜಗಳದ ನಡುವೆ ಇಂಥದೇ ಒಂದು ದೂರು ಬಿತ್ತು. ಮೂರು ವರ್ಷ ಕೋರ್ಟಿಗೆ ಅಲೆದ. ಖುಲಾಸೆ ಆಯಿತು. ಆ ಮೂರು ವರ್ಷ ಅವನ ತಾಯಿ ಊರ ಸುಗ್ಗಿಗೆ ಹೋಗಲಿಲ್ಲ, ಯಾರ ಮನೆ ಮದುವೆಗೂ ಹೋಗಲಿಲ್ಲ. ಇನ್ನೂ ಕೆಲವರು ಅವನನ್ನು ನೋಡಿದರೆ ಪಿಸುಗುಟ್ಟುತ್ತಾರೆ. ಹಾಗಾಗಿ ‘ಹೆಣ್ಣು ಹೇಳಿದರೆ ನಂಬಿ’ ಅಂತ ಯಾರಾದರೂ ಅಂದರೆ ನನಗೆ ಹೆದರಿಕೆ ಆಗುತ್ತದೆ. ತಪ್ಪು ಸಾಬೀತಾಗುವವರೆಗೆ ನಿರಪರಾಧಿ ಅನ್ನುವುದು ಸಣ್ಣ ಮಾತಲ್ಲ. ಅದನ್ನು ಬಿಟ್ಟುಕೊಟ್ಟರೆ ನಾಳೆ ಯಾರ ಮೇಲೆ ಬೇಕಾದರೂ ಬೀಳಬಹುದು, ಅಲ್ವಾ?

ಬಿ.ಎಂ. ರಸ್ತೆ ವಕೀಲ

ಕಾಫಿ ಕಣ ಅವರೇ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಇಂಥ ಕೇಸುಗಳಲ್ಲಿ ನಾನು ಎರಡೂ ಕಡೆ ನಿಂತಿದ್ದೇನೆ.

‘ತಪ್ಪು ಸಾಬೀತಾಗುವವರೆಗೆ ನಿರಪರಾಧಿ’ ಅನ್ನುವ ನಿಯಮ ಯಾಕೆ ಇದೆ? ಒಬ್ಬ ಮನುಷ್ಯನನ್ನು ಹತ್ತು ವರ್ಷ ಒಳಗೆ ಹಾಕುವ ಶಕ್ತಿ ಸರ್ಕಾರಕ್ಕಿದೆ. ಆ ಶಕ್ತಿಗೆ ಕಡಿವಾಣ ಹಾಕಲು ಇದೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುವ ಅಕ್ಕನಿಗೆ ಆ ಶಕ್ತಿ ಇಲ್ಲ. ಹಾಗಾಗಿ ಆ ಕಡಿವಾಣವೂ ಅವರಿಗೆ ಬೇಕಿಲ್ಲ. ಅವರು ತಂಗಿಯ ಮಾತು ನಂಬಿದರೆ ಯಾರ ಹಕ್ಕೂ ಹೋಗುವುದಿಲ್ಲ. ನಿಮ್ಮ ಸ್ನೇಹಿತನ ತಾಯಿಗೆ ಊರವರು ಮಾಡಿದ್ದು ನಂಬಿಕೆಯಲ್ಲ, ಶಿಕ್ಷೆ. ಊರಿಗೆ ಶಿಕ್ಷೆ ಕೊಡುವ ಅಧಿಕಾರ ಯಾರು ಕೊಟ್ಟರು? ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಇನ್ನೊಂದು ಮಾತು ಜನರಿಗೆ ಗೊತ್ತೇ ಇಲ್ಲ. ಕೋರ್ಟೇ ಪ್ರತ್ಯಕ್ಷ ಸಾಕ್ಷಿ ಬೇಕೇ ಬೇಕು ಅನ್ನುವುದಿಲ್ಲ! 1983ರಲ್ಲಿ ಭರವಾಡ ಭೋಗಿನ್‌ಭಾಯಿ ಕೇಸಿನಲ್ಲಿ, 1996ರಲ್ಲಿ ಪಂಜಾಬ್ ಸರ್ಕಾರ ಮತ್ತು ಗುರ್ಮೀತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ದೂರು ಕೊಟ್ಟ ಹೆಣ್ಣಿನ ಮಾತು ವಿಶ್ವಾಸ ಹುಟ್ಟಿಸುವಂತಿದ್ದರೆ ಅದೊಂದೇ ಸಾಕು, ಬೇರೆ ಯಾರೋ ಬಂದು ಹೌದು ಅನ್ನಬೇಕಿಲ್ಲ. ದೂರು ತಡವಾಗಿದ್ದರೆ ಅದಕ್ಕೆ ಕಾರಣ ಇದೆಯಾ ಅಂತ ನೋಡಬೇಕೇ ಹೊರತು, ತಡವಾಯಿತು ಅಂತಲೇ ಸುಳ್ಳು ಅನ್ನುವಂತಿಲ್ಲ. ಅವಳ ಮಾತನ್ನು ಕೋರ್ಟು ಕಣ್ಣು ಮುಚ್ಚಿ ಒಪ್ಪುವುದಿಲ್ಲ, ಪಾಟೀಸವಾಲು ಇರುತ್ತದೆ, ತೂಗಿ ನೋಡುತ್ತಾರೆ. ಆದರೆ ‘ಯಾರಾದ್ರೂ ನೋಡಿದ್ರಾ’ ಅನ್ನುವುದನ್ನು ಮೊದಲ ಬಾಗಿಲಲ್ಲೇ ಇಡುವುದಿಲ್ಲ. ಈ ವಿಷಯದಲ್ಲಿ ನಮ್ಮ ಮನೆಗಳು ಸುಪ್ರೀಂ ಕೋರ್ಟಿಗಿಂತ ಬಿಗಿಯಾಗಿವೆ.

ಈ ನಿಯಮ ಸುಲಭಕ್ಕೆ ಬಂದದ್ದೂ ಅಲ್ಲ. 1972ರಲ್ಲಿ ಮಹಾರಾಷ್ಟ್ರದ ಒಂದು ಪೊಲೀಸ್ ಠಾಣೆಯೊಳಗೆ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಪೊಲೀಸರನ್ನೂ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕಿರುಚಿಲ್ಲ, ಆದ್ದರಿಂದ ಒಪ್ಪಿಗೆ ಇತ್ತು ಅನ್ನುವ ಧಾಟಿ. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಹೆದರಿ ಸುಮ್ಮನಾಗುವುದೂ ಒಪ್ಪುವುದೂ ಒಂದೇನಾ ಅಂತ ಕೇಳಿದರು. ದೇಶದ ತುಂಬ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಠಾಣೆಯಂಥ ಕಡೆ, ಲೈಂಗಿಕ ಸಂಪರ್ಕ ಆಗಿದೆ ಅಂತ ಸಾಬೀತಾದ ಮೇಲೆ, ‘ನಾನು ಒಪ್ಪಿರಲಿಲ್ಲ’ ಅಂತ ಅವಳು ಹೇಳಿದರೆ ಕೋರ್ಟು ಆ ಮಾತಿನಿಂದಲೇ ಶುರು ಮಾಡಬೇಕು ಅಂತ ಸಾಕ್ಷ್ಯ ಕಾಯ್ದೆಗೆ 114ಎ ಸೇರಿಸಿದರು.

ಮುಳ್ಳಯ್ಯನಗಿರಿ ನಡಿಗೆ, ಚಿಕ್ಕಮಗಳೂರು

ವಕೀಲ ಸರ್ ಹೇಳಿದ 1983ರ ಭರವಾಡ ತೀರ್ಪಿಗೆ ಒಂದು ಮಾತು ಸೇರಿಸಬೇಕು. ನಾನು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುವಾಗ ಆ ತೀರ್ಪನ್ನು ಪೂರ್ತಿ ಓದಿದ್ದೆ. ಓದುತ್ತಾ ಖುಷಿಯಾಯಿತು, ಆಮೇಲೆ ಕಸಿವಿಸಿ ಆಯಿತು.

ಅಲ್ಲಿ ಅವಳ ಮಾತನ್ನು ಯಾಕೆ ನಂಬಬೇಕು ಅಂತ ಕೋರ್ಟು ಕಾರಣ ಕೊಡುತ್ತದೆ. ಪಶ್ಚಿಮದ ಹೆಂಗಸರು ಸುಳ್ಳು ಹೇಳಲು ಕಾರಣಗಳಿರಬಹುದಂತೆ. ನಮ್ಮದು ಸಂಪ್ರದಾಯದ ಸಮಾಜ. ಇಲ್ಲಿ ಹೆಣ್ಣು ತನ್ನ ಮಾನಕ್ಕೆ ಕುಂದು ಬರುವ ಮಾತನ್ನು ಸುಳ್ಳಾಗಿ ಹೇಳುವುದು ಅಪರೂಪ, ಆದ್ದರಿಂದ ನಂಬಬಹುದು. ನೋಡಿ, ನಂಬಿಕೆ ಸಿಕ್ಕಿತು, ಆದರೆ ಯಾರಿಗೆ ಸಿಕ್ಕಿತು? ‘ಒಳ್ಳೆಯ ಭಾರತೀಯ ಹೆಣ್ಣು’ ಅನ್ನುವ ಒಂದು ಬೊಂಬೆಗೆ ಸಿಕ್ಕಿತು. ಆ ಬೊಂಬೆಯ ಹಾಗೆ ಕಾಣದವಳು ಏನು ಮಾಡಬೇಕು? ಎರಡನೇ ಮದುವೆ ಆದವಳು, ಬಾರಿಗೆ ಹೋದವಳು, ಜೋರು ಬಾಯಿಯವಳು, ಅಳದೇ ಇದ್ದವಳು?

ಇದು ಸುಮ್ನೆ ಊಹೆ ಅಲ್ಲ. 2020ರ ಜೂನಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಆದೇಶದಲ್ಲಿ, ಘಟನೆ ಆದಮೇಲೆ ಸುಸ್ತಾಗಿ ನಿದ್ದೆ ಹೋದೆ ಅಂತ ದೂರುದಾರೆ ಹೇಳಿದ್ದನ್ನು ಹಿಡಿದು, ಅದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹಾಗೆ ನಡೆದುಕೊಳ್ಳುವುದಿಲ್ಲ ಅಂತ ಬರೆಯಿತು. ಎಲ್ಲ ಕಡೆ ಆಕ್ಷೇಪ ಬಂದ ಮೇಲೆ ಆ ಸಾಲನ್ನು ತೆಗೆದುಹಾಕಿದರು. 2021ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ, ಒಳ್ಳೆಯ ಹೆಣ್ಣು ಹೀಗಿರಬೇಕು ಹಾಗಿರಬೇಕು ಅನ್ನುವ ಮಾತುಗಳನ್ನು ಜಡ್ಜುಗಳು ಬರೆಯಬಾರದು ಅಂತ ಹೇಳಿತು. ಆ ಕೇಸು ಯಾವುದು ಗೊತ್ತಾ? ಕಿರುಕುಳ ಕೊಟ್ಟ ಆರೋಪಿ ಅವಳ ಕೈಯಿಂದಲೇ ರಾಖಿ ಕಟ್ಟಿಸಿಕೊಳ್ಳಬೇಕು ಅಂತ ಮಧ್ಯಪ್ರದೇಶ ಹೈಕೋರ್ಟ್ ಜಾಮೀನಿಗೆ ಷರತ್ತು ಹಾಕಿದ್ದ ಕೇಸು.

ಕಾಫಿ ಕಣ ಅವರು ಎತ್ತಿದ ಪ್ರಶ್ನೆಗೂ ಬರುತ್ತೇನೆ. ‘ಸಾಕ್ಷಿ ಹೇಳುವವರಿಗೆ ಆಗುವ ಅನ್ಯಾಯ’ ಅನ್ನುವ ವಿಚಾರವನ್ನು ಬೆಳೆಸಿದವರು ಮಿರಾಂಡಾ ಫ್ರಿಕರ್ ಎಂಬ ಬ್ರಿಟಿಷ್ ತತ್ವಜ್ಞಾನಿ, ಪುಸ್ತಕ ಬಂದದ್ದು 2007ರಲ್ಲಿ. ಹೇಳುವವರು ಯಾರು ಅನ್ನೋದನ್ನು ನೋಡಿ ಮಾತಿನ ಬೆಲೆ ಇಳಿಸುವುದು ಕೂಡ ಒಂದು ಅನ್ಯಾಯ, ಅವರನ್ನು ತಿಳಿವಳಿಕೆಯುಳ್ಳ ಮನುಷ್ಯರು ಅಂತಲೇ ಒಪ್ಪದ ಹಾಗೆ ಅಂತ ಅವರ ವಾದ. ಅವರು ಕೊಡುವ ಮುಖ್ಯ ಉದಾಹರಣೆ ಯಾರದು ಗೊತ್ತಾ? ಅಮೆರಿಕದ ಲೇಖಕಿ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಟಾಮ್ ರಾಬಿನ್ಸನ್. ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಅಂತ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ. ಅವನು ನಿಜ ಹೇಳಿದರೂ ಬಿಳಿ ಜ್ಯೂರಿ ನಂಬುವುದಿಲ್ಲ. ಅಂದರೆ ಈ ಇಡೀ ಚಿಂತನೆ ಗಂಡಿನ ವಿರುದ್ಧ ಹುಟ್ಟಿದ್ದಲ್ಲ. ಯಾರ ಮಾತಿಗೆ ತೂಕ, ಯಾರ ಮಾತಿಗೆ ಇಲ್ಲ ಅನ್ನುವುದನ್ನು ಅಧಿಕಾರ ತೀರ್ಮಾನಿಸುತ್ತಿದೆ, ಅದನ್ನು ನೋಡಿ ಅನ್ನುತ್ತದೆ. ಬಿಳಿ ಹೆಣ್ಣು ಕಪ್ಪು ಗಂಡಿನ ಮೇಲೆ ಹೇಳಿದರೆ ತಕ್ಷಣ ನಂಬಿಕೆ. ಅದೇ ಊರಲ್ಲಿ ಕಪ್ಪು ಹೆಣ್ಣು ಬಿಳಿ ಗಂಡಿನ ಮೇಲೆ ಹೇಳಿದರೆ ಕೇಳುವವರೇ ಇಲ್ಲ.

ಲೈನ್ ಮನೆ ಹುಡುಗಿ, ಮೂಡಿಗೆರೆ

ಮೇಲಿನವರು ಕೊನೆಗೆ ಹೇಳಿದ ಮಾತಿಗೆ ನಾನು ಬರೆಯಲೇಬೇಕು. ಅಮೆರಿಕದ ತನಕ ಹೋಗುವುದು ಬೇಡ.

ನಾನು ಎಸ್ಟೇಟ್ ಲೈನಿನಲ್ಲಿ, ಅಂದರೆ ತೋಟದ ಕೂಲಿಯವರ ಸಾಲು ಮನೆಯಲ್ಲಿ, ಹುಟ್ಟಿ ಬೆಳೆದವಳು. ನನ್ನ ಅಮ್ಮ ಕಾಫಿ ಹಣ್ಣು ಬಿಡಿಸುತ್ತಿದ್ದರು. ಸಂಜೆ ತೂಕ ಹಾಕುವಾಗ ತೋಟದ ಲೆಕ್ಕ ಬರೆಯುವ ರೈಟ್ರು ಪುಸ್ತಕದಲ್ಲಿ ಬರೆಯುತ್ತಾರೆ. ಅಮ್ಮ ಅರವತ್ತು ಕೆ.ಜಿ. ಅಂದರೆ ಪುಸ್ತಕದಲ್ಲಿ ಐವತ್ತೆರಡು ಇರುತ್ತದೆ. ಹೊತ್ತು ತಂದವಳು ಅಮ್ಮ, ಬೆನ್ನು ನೋವು ಅಮ್ಮಂದು, ಆದರೆ ಎಷ್ಟು ಹೊತ್ತೆ ಅಂತ ಅಮ್ಮನಿಗೆ ಗೊತ್ತಿಲ್ಲ, ಪುಸ್ತಕಕ್ಕೆ ಗೊತ್ತು. ಜಗಳ ಮಾಡಿದರೆ ‘ಬರೆಯೋಕೆ ಬರಲ್ಲ, ನಿಂಗೇನ್ ಗೊತ್ತು’. ಇಂಥ ಅಮ್ಮ ಹೋಗಿ, ತೋಟದಲ್ಲಿ ಮೇಸ್ತ್ರಿ ಕೈ ಹಾಕಿದ ಅಂತ ಹೇಳಿದರೆ ಯಾರು ಕೇಳುತ್ತಾರೆ? ಎಂಟು ಕೆ.ಜಿ. ಹಣ್ಣಿನ ವಿಷಯದಲ್ಲಿ ನಂಬದವರು ಇದನ್ನು ನಂಬುತ್ತಾರಾ?

ಅಮ್ಮ ಹೇಳಲೂ ಇಲ್ಲ. ನಮ್ಮ ಲೈನಿನಲ್ಲಿ ಹೆಂಗಸರ ನಡುವೆ ಒಂದು ಏರ್ಪಾಟು ಇತ್ತು. ಯಾವ ಮೇಸ್ತ್ರಿ ಇದ್ದಾಗ ಯಾವ ತಾಕಿಗೆ ಒಬ್ಬರೇ ಹೋಗಬಾರದು ಅಂತ ಹೊಸದಾಗಿ ಬಂದವರಿಗೆ ಹಳಬರು ಹೇಳುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ. ‘ಆ ಕಡೆ ಜಿಗಣೆ ಜಾಸ್ತಿ’ ಅನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ನಿಜವಾಗಿ ಜಿಗಣೆ ಅಂತಲೇ ತಿಳಿದಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು. ಒಬ್ಬರನ್ನೊಬ್ಬರು ನಂಬುತ್ತಲೂ ಇದ್ದರು. ಬೇಲಿ ದಾಟಿದ ಮೇಲೆ ಆ ತಿಳಿವಳಿಕೆಗೆ ಬೆಲೆ ಇರಲಿಲ್ಲ, ಅಷ್ಟೇ.

ಭಂವರಿ ದೇವಿ ಕಥೆ ಎಲ್ಲರಿಗೂ ಗೊತ್ತಿರಬೇಕು. ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಕುಂಬಾರ ಜಾತಿಯ ಕಾರ್ಯಕರ್ತೆ. 1992ರಲ್ಲಿ ಅವರ ಮೇಲೆ ಗುಂಪು ಅತ್ಯಾಚಾರವಾಯಿತು. 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಮೇಲ್ಜಾತಿಯವರು ಕೆಳಜಾತಿ ಹೆಣ್ಣನ್ನು ಮುಟ್ಟಲಾರರು ಅನ್ನುವ ಧಾಟಿಯ ಮಾತು ಆ ತೀರ್ಪಿನಲ್ಲಿತ್ತು. ಅವರ ಕೇಸಿನಿಂದ ಎದ್ದ ಹೋರಾಟದಿಂದಲೇ 1997ರಲ್ಲಿ ಕೆಲಸದ ಜಾಗದ ಕಿರುಕುಳ ತಡೆಯಲು ನಿಯಮ ಹಾಕಿದ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂತು. ಇವತ್ತು ಆಫೀಸಿನಲ್ಲಿ ಕೂತ ಎಷ್ಟೋ ಅಕ್ಕಂದಿರಿಗೆ ರಕ್ಷಣೆ ಸಿಕ್ಕಿದೆ. ಭಂವರಿ ದೇವಿಗೆ ಏನು ಸಿಕ್ಕಿತು?

‘ಹೆಣ್ಣನ್ನು ನಂಬಿ’ ಅಂತ ಹೇಳುವಾಗ ಯಾವ ಹೆಣ್ಣು ಅಂತ ಕೇಳಿಕೊಳ್ಳಿ. ಸಿಟ್ಟಿನಿಂದ ಬರೆದೆ ಅನ್ನಿಸಿದರೆ ಹಾಗೇ ಇರಲಿ.

ಹೇಮಾವತಿ ದಂಡೆ, ಹಾಸನ

ಇದನ್ನು ಬರೆದದ್ದಕ್ಕೆ ನಿಮಗೆ ಋಣಿ. ಜಿಗಣೆಯ ಮಾತು ಓದಿ ಸುಮಾರು ಹೊತ್ತು ಏನೂ ಮಾಡಲಾಗಲಿಲ್ಲ.

ರಾತ್ರಿ ಪಾಳಿ

ನಾನು ನರ್ಸ್. ಯಾವ ಆಸ್ಪತ್ರೆ ಅಂತ ಬೇಡ.

‘ಅವಳು ಅಳುತ್ತಲೇ ಇರಲಿಲ್ಲ’, ‘ಒಂದೊಂದು ಸಲ ಒಂದೊಂದು ಥರ ಹೇಳ್ತಾಳೆ’. ಈ ಎರಡು ಮಾತನ್ನು ನಾನು ವಾರ್ಡಿನಲ್ಲಿ ಎಷ್ಟು ಸಲ ಕೇಳಿದ್ದೇನೋ. ದಯವಿಟ್ಟು ತಿಳಿದುಕೊಳ್ಳಿ. ದೊಡ್ಡ ಆಘಾತ ಆದಾಗ ನೆನಪು ಸಿನಿಮಾ ರೀಲಿನ ಹಾಗೆ ಸಾಲಾಗಿ ಕೂರುವುದಿಲ್ಲ. ಗೋಡೆಯ ಕ್ಯಾಲೆಂಡರ್ ನೆನಪಿರುತ್ತದೆ, ಗಂಟೆ ಎಷ್ಟು ಅಂತ ನೆನಪಿರುವುದಿಲ್ಲ. ಒಬ್ಬರು ನಡುಗುತ್ತಾರೆ, ಒಬ್ಬರು ಕಲ್ಲಾಗಿ ಕೂರುತ್ತಾರೆ, ಒಬ್ಬರು ನಗುತ್ತಾರೆ ಕೂಡ. ಕೈಕಾಲು ಮರಗಟ್ಟಿ ಕೂಗಲೂ ಆಗದೇ ಇರುವುದು ದೇಹದ ಕೆಲಸ, ಒಪ್ಪಿಗೆ ಅಲ್ಲ. ಬಸ್ ಅಪಘಾತ ಆದವರು ಬಂದು ಹಿಂದು ಮುಂದಾಗಿ ಹೇಳಿದರೆ ನಾವು ‘ಪಾಪ, ಶಾಕ್ ಆಗಿದೆ’ ಅನ್ನುತ್ತೇವೆ. ಇವಳಿಗೆ ಮಾತ್ರ ‘ಕಥೆ ಕಟ್ತಿದ್ದಾಳೆ’.

ಆಸ್ಪತ್ರೆ ವಿಷಯ ಕೆಲವು ಗೊತ್ತಿರಲಿ. ಸರ್ಕಾರಿ ಇರಲಿ ಖಾಸಗಿ ಇರಲಿ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಲೇಬೇಕು. ಮೊದಲು ಎಫ್‌ಐಆರ್ ತನ್ನಿ ಅಂತ ವಾಪಸ್ ಕಳಿಸುವಂತಿಲ್ಲ. ಅವಳಿಗೆ ಮೊದಲೇ ಲೈಂಗಿಕ ಸಂಪರ್ಕದ ಅಭ್ಯಾಸ ಇತ್ತಾ ಅಂತ ನೋಡಲು ಮಾಡುತ್ತಿದ್ದ ಎರಡು ಬೆರಳಿನ ಪರೀಕ್ಷೆ ತಪ್ಪು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. 2022ರಲ್ಲಿ ಮತ್ತೆ, ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಗಟ್ಟಿಯಾಗಿ ಹೇಳಿತು. ಆ ಪರೀಕ್ಷೆ ಏನು ಹೇಳುತ್ತಿತ್ತು ಯೋಚಿಸಿ. ನಿನ್ನ ಬಾಯಿ ಸುಳ್ಳು ಹೇಳಬಹುದು, ನಿನ್ನ ಮೈ ಕೇಳ್ತೀವಿ ಅಂತ. ಅದೂ ಸುಳ್ಳು ವಿಜ್ಞಾನ.

ಕಾಫಿ ಕಣ, ಸಕಲೇಶಪುರ

ಎಲ್ಲರ ಬರಹ ಎರಡು ಸಲ ಓದಿದೆ. ಲೈನ್ ಮನೆಯವರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮದೂ ಸಣ್ಣ ತೋಟ, ನಮ್ಮಲ್ಲೂ ರೈಟ್ರ ಪುಸ್ತಕ ಇದೆ. ನಾನು ಯಾವತ್ತೂ ಅದನ್ನು ತೆರೆದು ಬಿಡಿಸಿದವರ ಎದುರಲ್ಲಿ ಓದಿಸಿಲ್ಲ. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆದರೂ ಪೂರ್ತಿ ಸಮಾಧಾನ ಆಗಿಲ್ಲ. ಸುಳ್ಳು ದೂರು ಕೊಟ್ಟವರಿಗೆ ಏನೂ ಆಗುವುದಿಲ್ಲ ಅಂದರೆ ಅದು ಸರಿನಾ? ಮತ್ತೆ ಇನ್ನೊಂದು ನಿಜವಾದ ಪ್ರಶ್ನೆ. ಮೇಡಂ ತಮ್ಮ ತಂಗಿಯನ್ನು ನಂಬುತ್ತಾರೆ, ಸರಿ. ನಾಳೆ ಮನೆಯಲ್ಲಿ ಮದುವೆ ಬಂದರೆ ಆ ನೆಂಟರಿಗೆ ಪತ್ರಿಕೆ ಕೊಡುತ್ತಾರಾ ಇಲ್ಲವಾ? ಕೊಡದಿದ್ದರೆ ಅದು ಶಿಕ್ಷೆ ಅಲ್ವಾ? ವಕೀಲರು ಶಿಕ್ಷೆ ಬೇರೆ ನಂಬಿಕೆ ಬೇರೆ ಅಂದರು. ಮನೆಯಲ್ಲಿ ಅದು ಅಷ್ಟು ಸುಲಭಕ್ಕೆ ಬೇರೆಯಾಗುತ್ತಾ?

ಬಿ.ಎಂ. ರಸ್ತೆ ವಕೀಲ

ಮೊದಲನೆಯದಕ್ಕೆ ಚಿಕ್ಕ ಉತ್ತರ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಅದು ಅಪರಾಧವೇ. 2013ರ ಕಾಯ್ದೆಯ 14ನೇ ಕಲಂನಲ್ಲೂ ಕೆಟ್ಟ ಉದ್ದೇಶದ ದೂರಿಗೆ ಕ್ರಮ ಇದೆ. ಆದರೆ ಅಲ್ಲೇ ಒಂದು ಮಾತು ಸೇರಿಸಿದ್ದಾರೆ, ಅದನ್ನು ದಯವಿಟ್ಟು ನೆನಪಿಡಿ. ದೂರನ್ನು ಸಾಬೀತು ಮಾಡಲು ಆಗಲಿಲ್ಲ ಅಂದ ಮಾತ್ರಕ್ಕೆ ಅದು ಸುಳ್ಳು ದೂರು ಅಲ್ಲ. ಖುಲಾಸೆ ಆದ ಕೇಸೆಲ್ಲ ಸುಳ್ಳು ಕೇಸು ಅಂತ ನಮ್ಮ ಕಡೆ ಮಾತಾಡುತ್ತಾರಲ್ಲ, ಅದು ತಪ್ಪು. ನಿಮ್ಮ ಸ್ನೇಹಿತನ ಕೇಸಿನಲ್ಲಿ ಏನಾಗಿತ್ತೋ ನಾನು ಹೇಳಲಾರೆ. ಆದರೆ ಸಾಕ್ಷಿಗಳು ತಿರುಗಿ ಬಿದ್ದು, ಮನೆಯವರು ರಾಜಿ ಮಾಡಿಸಿ, ಆರು ವರ್ಷ ಎಳೆದು ಅವಳಿಗೇ ಸಾಕಾಗಿ ಬಿದ್ದ ಕೇಸುಗಳನ್ನು ನನ್ನ ಕಣ್ಣಾರೆ ನೋಡಿದ್ದೇನೆ.

ಹೇಮಾವತಿ ದಂಡೆ, ಹಾಸನ

ಎರಡನೆಯ ಪ್ರಶ್ನೆ ನನಗೆ ಕೇಳಿದ್ದು. ಮೂರು ದಿನ ಅದನ್ನೇ ಯೋಚಿಸಿದೆ. ಇದು ತತ್ವಶಾಸ್ತ್ರದ ಪ್ರಶ್ನೆಯಲ್ಲ, ನಮ್ಮ ಮನೆಯ ಪ್ರಶ್ನೆ. ಏಪ್ರಿಲಿನಲ್ಲಿ ನಿಜವಾಗಿಯೂ ಮದುವೆ ಇದೆ.

ಕೇಟ್ ಮ್ಯಾನ್ ಅಂತ ಇನ್ನೊಬ್ಬ ತತ್ವಜ್ಞಾನಿ ಇದ್ದಾರೆ. ಇಂಥ ಸಂದರ್ಭದಲ್ಲಿ ಕರುಣೆ ತಂತಾನೇ ಗಂಡಿನ ಕಡೆ ಹರಿಯುವುದಕ್ಕೆ ಅವರು ಒಂದು ಹೆಸರನ್ನೇ ಕೊಟ್ಟಿದ್ದಾರೆ. ಹೆಸರಿರಲಿ, ನಮ್ಮ ಮಾತುಗಳನ್ನೇ ನೋಡಿ. ‘ಪಾಪ, ಅವನಿಗೂ ಹೆಣ್ಣುಮಕ್ಕಳಿದ್ದಾರೆ.’ ‘ಅವನ ಬಾಳು ಹಾಳಾಗುತ್ತೆ.’ ‘ಅವನ ಸ್ವಭಾವನೇ ಹಾಗೆ, ಮನಸ್ಸಲ್ಲಿ ಏನೂ ಇಲ್ಲ.’ ನಾನೂ ಮದುವೆ ಪತ್ರಿಕೆ ಬಗ್ಗೆ ಯೋಚಿಸುವಾಗ ಮೊದಲು ಬಂದದ್ದು ಆ ನೆಂಟರ ಹೆಂಡತಿಗೆ ಎಷ್ಟು ಅವಮಾನ ಅನ್ನೋದು. ಆರು ವರ್ಷದಿಂದ ನನ್ನ ತಂಗಿ ಯಾವ ಮದುವೆಗೂ ರಾತ್ರಿ ಉಳಿಯುವುದಿಲ್ಲ. ಎಲ್ಲರೂ ಅವಳನ್ನು ‘ಬೆಂಗಳೂರಿಗೆ ಹೋಗಿ ದೊಡ್ಡವಳಾದಳು’ ಅಂದರು. ನಾನೂ ಅಂದಿದ್ದೇನೆ. ಅಂದರೆ ಪತ್ರಿಕೆ ಕೊಡುವುದು ಬಿಡುವುದು ಈಗ ಶುರುವಾದ ಪ್ರಶ್ನೆಯಲ್ಲ. ಆರು ವರ್ಷದಿಂದ ಒಬ್ಬರನ್ನು ಹೊರಗಿಟ್ಟೇ ಮದುವೆ ಮಾಡುತ್ತಿದ್ದೇವೆ. ಅದು ಅವಳಾಗಿದ್ದಳು, ಅಷ್ಟೇ.

ಕಾಫಿ ಕಣ ಅವರೇ, ನಾನು ಅವರನ್ನು ಜೈಲಿಗೆ ಹಾಕುತ್ತಿಲ್ಲ. ಊರಿಗೆಲ್ಲ ಹೇಳುತ್ತಿಲ್ಲ. ಅವರ ಹೆಂಡತಿ ಮಕ್ಕಳ ಜೊತೆ ಮಾತು ಬಿಡುತ್ತಿಲ್ಲ. ಆದರೆ ನನ್ನ ಮನೆಯ ಚಪ್ಪರದಲ್ಲಿ ಯಾರು ನೆಮ್ಮದಿಯಾಗಿ ಕೂರಬೇಕು ಅನ್ನೋದನ್ನು ತೀರ್ಮಾನಿಸಲು ನನಗೆ ಪ್ರತ್ಯಕ್ಷ ಸಾಕ್ಷಿ ಬೇಕಿಲ್ಲ. ನಲವತ್ತು ವರ್ಷ ಗೊತ್ತಿರುವ ಹುಡುಗಿಯ ಮಾತು ಸಾಕು. ಅವಳಿಗೇನು ಬೇಕೋ ಅದನ್ನು ಮೊದಲು ಅವಳನ್ನೇ ಕೇಳಬೇಕು. ನಾನು ಈಗ ಸಿಟ್ಟಲ್ಲಿ ಏನೋ ಮಾಡಿ, ಅವಳು ಹೇಳಿಕೊಂಡದ್ದನ್ನು ಅವಳ ಕೈಯಿಂದ ಕಿತ್ತುಕೊಳ್ಳುವುದೂ ಬೇಡ.

ಸಾಕ್ಷಿಯ ವಿಷಯ ಬಂದಿದ್ದಕ್ಕೆ ನಮ್ಮ ಹಾಸನದ್ದೇ ಒಂದು ಮಾತು. 2024ರ ಏಪ್ರಿಲ್, ಲೋಕಸಭೆ ಚುನಾವಣೆ ಹೊತ್ತು. ಆಗಿನ ನಮ್ಮ ಸಂಸದ ಹೆಂಗಸರ ಮೇಲೆ ಲೈಂಗಿಕ ದೌರ್ಜನ್ಯ ಮಾಡಿ ಚಿತ್ರೀಕರಿಸಿಕೊಂಡಿದ್ದ ಅನ್ನುವ ವಿಡಿಯೋಗಳ ಪೆನ್ ಡ್ರೈವ್ ವಿಚಾರ ಯಾರೂ ಮರೆತಿಲ್ಲ. ಹೆಂಗಸರ ಮುಖವನ್ನೂ ಮುಚ್ಚದೆ ಆ ವಿಡಿಯೋಗಳು ಮೊಬೈಲಿಂದ ಮೊಬೈಲಿಗೆ ಹರಿದಾಡಿದವು. ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ಅಪರಾಧ, ಎರಡು ವರ್ಷದವರೆಗೆ ಜೈಲಿದೆ. ಆದರೂ ಟೀ ಅಂಗಡಿಯಲ್ಲಿ ಜನ ತೋರಿಸಿಕೊಂಡು ಕೂತಿದ್ದರು. ಎಷ್ಟೋ ಹೆಂಗಸರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ಯಾವಾಗಲೂ ‘ಸಾಕ್ಷಿ ಎಲ್ಲಿ’ ಅನ್ನುತ್ತಿದ್ದವರ ಕೈಯಲ್ಲೇ ಮೊಬೈಲ್ ಇತ್ತು. ಆಗ ಅವರು ಕೇಳಿದ ಪ್ರಶ್ನೆ ಏನು? ‘ಇವರು ಇಷ್ಟು ದಿನ ಯಾಕೆ ಸುಮ್ಮನಿದ್ದರು?’ ‘ಒಪ್ಪಿಗೆ ಇಲ್ಲದೆ ಹೋಗಿದ್ದರಾ?’ ಅವತ್ತೇ ನನಗೆ ಅರ್ಥ ಆಗಬೇಕಿತ್ತು. ‘ಸಾಕ್ಷಿ ಇದೆಯಾ’ ಅಂತ ನಾವು ಕೇಳುವುದು ಸಾಕ್ಷಿಗಾಗಿ ಅಲ್ಲ. ಸಾಕ್ಷಿ ಕೊಟ್ಟರೆ ಇನ್ನೊಂದು ಪ್ರಶ್ನೆ ತಯಾರಿರುತ್ತದೆ. ಮುಂದೆ 2025ರ ಆಗಸ್ಟಿನಲ್ಲಿ ಒಬ್ಬ ಮನೆಗೆಲಸದ ಹೆಣ್ಣುಮಗಳು ಕೊಟ್ಟ ದೂರಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆ ಮಾಜಿ ಸಂಸದನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆ ತಾಯಿ ಅಷ್ಟು ದೊಡ್ಡ ಮನೆತನದ ಎದುರು ಕಟಕಟೆಯಲ್ಲಿ ನಿಂತು ಮಾತಾಡಿದ್ದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಮುಳ್ಳಯ್ಯನಗಿರಿ ನಡಿಗೆ, ಚಿಕ್ಕಮಗಳೂರು

ಅಕ್ಕ, ನಿಮ್ಮ ತಂಗಿ "ನಾನೇ ಏನೋ ತಪ್ಪು ತಿಳ್ಕೊಂಡಿರಬೇಕು" ಅಂದರಲ್ಲ, ಅದರ ಬಗ್ಗೆ ಇನ್ನೊಂದು ಹೇಳಬೇಕು. ಎಷ್ಟೋ ಸಲ ಹೇಳಲು ಮಾತೇ ಇರುವುದಿಲ್ಲ. ಫ್ರಿಕರ್ ಅದಕ್ಕೂ ಒಂದು ಉದಾಹರಣೆ ಕೊಡುತ್ತಾರೆ. ಕಾರ್ಮಿಟಾ ವುಡ್ ಎಂಬಾಕೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಒಬ್ಬ ಪ್ರಾಧ್ಯಾಪಕನ ಕಾಟ ತಡೆಯಲಾರದೆ ಕೆಲಸ ಬಿಟ್ಟರು. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕುವಾಗ ಯಾಕೆ ಬಿಟ್ಟೆ ಅಂತ ಬರೆಯಲು ಪದ ಇರಲಿಲ್ಲ. ‘ವೈಯಕ್ತಿಕ ಕಾರಣ’ ಅಂತ ಬರೆದರು, ಅರ್ಜಿ ತಿರಸ್ಕಾರವಾಯಿತು. 1975ರಲ್ಲಿ ಕೆಲವು ಹೆಂಗಸರು ಒಟ್ಟಿಗೆ ಕೂತು ತಂತಮ್ಮ ಅನುಭವ ಹೇಳಿಕೊಂಡಾಗ ‘ಲೈಂಗಿಕ ಕಿರುಕುಳ’ ಅನ್ನುವ ಹೆಸರು ಹುಟ್ಟಿತು.

ಕನ್ನಡದಲ್ಲಿ ನಮಗಿದ್ದ ಪದಗಳನ್ನು ನೋಡಿ. ಮಾನಭಂಗ. ಶೀಲ ಕಳೆದುಕೊಂಡಳು. ಕೆಡಿಸಿದ. ಕೆಟ್ಟುಹೋದಳು. ಮಾಡಿದವನು ಅವನು, ಪದದೊಳಗೆ ಹಾಳಾಗುವವಳು ಅವಳು. ಈ ಪದಗಳನ್ನು ಬಾಯಿಗೆ ತಂದುಕೊಂಡರೆ ತನ್ನ ಮೇಲೇ ತೀರ್ಪು ಕೊಟ್ಟುಕೊಂಡ ಹಾಗೆ. ಹಾಗಾಗಿ ‘ಏನೋ ಆಯ್ತು’, ‘ಅವರು ಸರಿ ಇಲ್ಲ’ ಅನ್ನುವಲ್ಲಿಗೆ ನಿಲ್ಲಿಸುತ್ತಾರೆ. ಪತ್ರಿಕೆಯವರು ‘ಸಂತ್ರಸ್ತೆ’ ಅಂತ ಬರೆಯುತ್ತಾರೆ, ಅದು ಠಾಣೆಯ ಕಾಗದದಂತಿದೆ. ‘ಬದುಕಿ ಬಂದವಳು’ ಅಂತ ನಾನು ಬರೆಯಲು ಶುರು ಮಾಡಿದ್ದೇನೆ.

ಲೈನ್ ಮನೆ ಹುಡುಗಿ, ಮೂಡಿಗೆರೆ

ನಮ್ಮಲ್ಲಿ ಜಿಗಣೆ ಅನ್ನುವ ಪದ ಇತ್ತಲ್ಲ.

ಮುಳ್ಳಯ್ಯನಗಿರಿ ನಡಿಗೆ, ಚಿಕ್ಕಮಗಳೂರು

ಹೌದು. ನಿಮ್ಮ ಮಾತು ಸರಿ. ಪದ ಇರಲಿಲ್ಲ ಅಂತ ನಾನು ಬರೆದದ್ದು ತಪ್ಪು. ಇತ್ತು, ಬೇಲಿಯಿಂದ ಆಚೆಯವರು ಕಲಿಯಲಿಲ್ಲ. ಡಾಟ್ಸನ್ ಅವರೂ ಫ್ರಿಕರ್ ಅವರಿಗೆ ಇದೇ ಥರದ ತಕರಾರು ಎತ್ತಿದ್ದಾರೆ.

ಕಾಫಿ ಕಣ, ಸಕಲೇಶಪುರ

ಈ ವಾರದಿಂದ ಸಂಜೆ ತೂಕ ಆದಮೇಲೆ ಪುಸ್ತಕವನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಲು ಹೇಳಿದ್ದೇನೆ. ಮೊದಲ ದಿನವೇ ಇಬ್ಬರು ‘ಅದು ತಪ್ಪು’ ಅಂದರು. ತೂಕ ಮತ್ತೆ ಹಾಕಿಸಿದೆ. ಒಬ್ಬರದು ಸರಿ ಇತ್ತು, ಒಬ್ಬರದು ಇರಲಿಲ್ಲ. ದೊಡ್ಡ ವಿಷಯ ಅಂತ ಹೇಳುತ್ತಿಲ್ಲ. ಇಲ್ಲಿ ಬರೆದ ಮೇಲೆ ಹೇಳಬೇಕು ಅನ್ನಿಸಿತು. ಸ್ನೇಹಿತನ ವಿಷಯದಲ್ಲಿ ನನ್ನ ಅಭಿಪ್ರಾಯ ಹಾಗೇ ಇದೆ.

ಹೊಸ ಸದಸ್ಯೆ

ನಾನು ಇಲ್ಲಿ ಬರೆಯುವುದು ಇದೇ ಮೊದಲು. ಹದಿನಾಲ್ಕು ವರ್ಷ ಆಗಿದೆ. ಈಗ ಹೇಳಿದರೆ ಯಾರಾದರೂ ತೆಗೆದುಕೊಳ್ಳುತ್ತಾರಾ? ಕಾನೂನಿನಲ್ಲಿ ಇಷ್ಟು ವರ್ಷದೊಳಗೆ ಅಂತ ಇದೆಯಾ?

ಬಿ.ಎಂ. ರಸ್ತೆ ವಕೀಲ

ಅಮ್ಮಾ, ಮೂರು ವರ್ಷಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಕ್ಕೆ ಗಡುವು ಇಲ್ಲ. ಅತ್ಯಾಚಾರಕ್ಕೆ ಗಡುವು ಇಲ್ಲ. ಯಾವ ಠಾಣೆಯಲ್ಲಿ ಬೇಕಾದರೂ ದೂರು ಕೊಡಬಹುದು, ನಮ್ಮ ವ್ಯಾಪ್ತಿಯಲ್ಲ ಅನ್ನುವಂತಿಲ್ಲ. ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಠಾಣೆಗೆ ಹೋಗುವ ಮೊದಲು ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಿದರೆ ಜಿಲ್ಲಾ ಕೇಂ‍ದ್ರದಲ್ಲಿ ನೊಂದ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ ಇದೆ, 181 ಮಹಿಳಾ ಸಹಾಯವಾಣಿಗೆ ಫೋನ್ ಮಾಡಬಹುದು. ದೂರು ಕೊಡಬೇಕೋ ಬೇಡವೋ ಅನ್ನುವುದು ನಿಮ್ಮ ತೀರ್ಮಾನ. ಕೊಡದಿದ್ದರೂ ಆದದ್ದು ಸುಳ್ಳಾಗುವುದಿಲ್ಲ.

ಹೇಮಾವತಿ ದಂಡೆ, ಹಾಸನ

ನೀವು ಬರೆದದ್ದನ್ನು ಓದಿದೆ. ನನಗೆ ನಿಮ್ಮನ್ನು ಕೇಳಬೇಕಾದ್ದು ಏನೂ ಇಲ್ಲ. ಹೇಳಬೇಕು ಅನ್ನಿಸಿದಷ್ಟು ಹೇಳಿ, ಇಲ್ಲಿ ಬೇಡ ಅನ್ನಿಸಿದರೆ ನನಗೆ ಖಾಸಗಿಯಾಗಿ ಬರೆಯಿರಿ. ನಾನು ರಾತ್ರಿ ಹನ್ನೊಂದರ ತನಕ ಎದ್ದಿರುತ್ತೇನೆ.

ಹೊಸ ಸದಸ್ಯೆ

ಇವತ್ತು ಬೇಡ ಅಕ್ಕ. ಮಗಳಿಗೆ ಪರೀಕ್ಷೆ ಇದೆ. ಶನಿವಾರ ಬರೆಯುತ್ತೇನೆ.

ಹೇಮಾವತಿ ದಂಡೆ, ಹಾಸನ

ಆಯಿತು. ಶನಿವಾರ ಇರುತ್ತೇನೆ.